ಊಟಕ್ಕೆ ಅಂತ ಬೆಟ್ಟದ ಮೇಲಿನ ಏರ್‌ಪೋರ್ಟ್‌ಗೆ ಹಾರಿದವರು ಯಾರಾದ್ರೂ ಇದ್ದೀರಾ? (ಬಿಗ್ ಬೇರ್, ಕ್ಯಾಲಿಫೋರ್ನಿಯಾ)

ದಾವಣಗೆರೆ ರೆಕ್ಕೆ (ಆರೆಂಜ್ ಕೌಂಟಿ) · ಭಾನುವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ನಡೆದದ್ದನ್ನು ಮರೆಯುವ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ. ಉದ್ದ ಇದೆ, ಕಾಫಿ ಪಕ್ಕಕ್ಕಿಟ್ಟುಕೊಂಡು ಓದಿ.

ಇಲ್ಲಿ ಸಣ್ಣ ವಿಮಾನ ಓಡಿಸುವವರಿಗೆ ಒಂದು ಚಟ ಇದೆ. ಶನಿವಾರ ಬೆಳಗ್ಗೆ ಯಾವುದಾದರೂ ಏರ್‌ಪೋರ್ಟ್‌ಗೆ ಹಾರಿ, ಅಲ್ಲಿನ ಹೋಟೆಲ್‌ನಲ್ಲಿ ತಿಂದು, ವಾಪಸ್ ಬರುವುದು. ಇದಕ್ಕೆ ‘ನೂರು ಡಾಲರ್ ಬರ್ಗರ್’ ಅಂತ ಹೆಸರು. ಆ ಹೆಸರು ಇಟ್ಟ ಕಾಲಕ್ಕೆ ನೂರರಲ್ಲಿ ಮುಗಿಯುತ್ತಿತ್ತೇನೋ. ಈಗ ನೂರು ಡಾಲರ್‌ಗೆ ಬೆಟ್ಟ ಹತ್ತುವುದೂ ಕಷ್ಟ.

ನಾನು ಲೈಸೆನ್ಸ್ ತೆಗೆದುಕೊಂಡು ಎರಡು ವರ್ಷ ಆಯಿತು. 180 ಗಂಟೆ ಹಾರಿದ್ದೇನೆ. ಚೀನೋ ಏರ್‌ಪೋರ್ಟ್‌ನಲ್ಲಿ ಹಳೇ ಸೆಸ್ನಾ 172 ಬಾಡಿಗೆಗೆ ತಗೋತೀನಿ. ನಾಲ್ಕು ಸೀಟು, 160 ಕುದುರೆ ಶಕ್ತಿ. ಬಿಗ್ ಬೇರ್‌ಗೆ ಹೋಗಬೇಕು ಅಂದರೆ ಮೊದಲು ಇನ್‌ಸ್ಟ್ರಕ್ಟರ್ ಜೊತೆ ಒಂದು ಸಲ ಹೋಗಿ ಬಂದು ಸಹಿ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಕ್ಲಬ್ಬಿನವರು ಅಲ್ಲಿಗೆ ಹೋಗಲು ಬೀಗದ ಕೈ ಕೊಡುವುದಿಲ್ಲ. ಅದು ಜೂನ್‌ನಲ್ಲಿ ಆಗಿತ್ತು.

ಊರಿಂದ ಅಕ್ಕ, ಭಾವ ಬಂದಿದ್ದಾರೆ. ನಾಲ್ಕೂ ಜನ ಹಾರಿ ಹೋಗಿ, ಕೆರೆ ನೋಡಿ, ಊಟ ಮಾಡಿ ಬರೋಣ ಅಂತ ನನ್ನ ಲೆಕ್ಕ. ಶುಕ್ರವಾರ ರಾತ್ರಿ ಬಾತ್‌ರೂಮಿನ ತಕ್ಕಡಿ ಹಾಲ್‌ಗೆ ತಂದಿಟ್ಟು ಒಬ್ಬೊಬ್ಬರನ್ನೇ ಹತ್ತಿಸಿದೆ. ಅಕ್ಕ ‘ಏನೋ ಇದು, ಅಕ್ಕಿ ಮೂಟೆ ತೂಗಿದ ಹಾಗೆ’ ಅಂದಳು. ನಾನು 78, ಭಾವ 91, ಅಕ್ಕ 62, ಹೆಂಡತಿ 57. ಒಟ್ಟು 288 ಕಿಲೋ. ಈ ವಿಮಾನ ಪೆಟ್ರೋಲ್, ಜನ, ಬ್ಯಾಗು ಎಲ್ಲಾ ಸೇರಿ ಹೊರುವುದು ಸುಮಾರು 385 ಕಿಲೋ. ಟ್ಯಾಂಕ್ ಪೂರ್ತಿ ತುಂಬಿದರೆ ಪೆಟ್ರೋಲೇ 109. ಅಲ್ಲಿಗೆ 12 ಕಿಲೋ ಜಾಸ್ತಿ ಆಯಿತು, ಊಟದ ಡಬ್ಬಿ ಇನ್ನೂ ಇಟ್ಟಿಲ್ಲ.

ಪೆಟ್ರೋಲ್ ಕಮ್ಮಿ ಹಾಕಿದರೆ ಕಾಗದದ ಮೇಲೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಅದು ಚೀನೋದ ಲೆಕ್ಕ. ಚೀನೋ ಇರುವುದು ಸಮುದ್ರಮಟ್ಟದಿಂದ 650 ಅಡಿ. ಬಿಗ್ ಬೇರ್ ರನ್‌ವೇ 6,752 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿ 6,330. ಅಂದರೆ ಮುಳ್ಳಯ್ಯನಗಿರಿ ನೆತ್ತಿಗಿಂತ 400 ಅಡಿ ಮೇಲೆ ರನ್‌ವೇ ಹಾಸಿದ್ದಾರೆ. ಅಲ್ಲಿ ನಾಲ್ಕು ಜನ ಅನ್ನುವ ಮಾತೇ ಇಲ್ಲ.

ಕೊನೆಗೆ ಹೀಗಾಯಿತು. ನಾನು, ಭಾವ ವಿಮಾನದಲ್ಲಿ. ಅಕ್ಕ, ಹೆಂಡತಿ ಕಾರಿನಲ್ಲಿ, ಊಟದ ಬ್ಯಾಗ್ ಸಮೇತ. ಕಾರಿಗೆ ಎರಡು ಗಂಟೆ ದಾರಿ, ನಮಗೆ ಮುಕ್ಕಾಲು ಗಂಟೆ. ಹೆಂಡತಿ ಏನೂ ಮಾತಾಡಲಿಲ್ಲ. ಮಾತಾಡದೆ ಇದ್ದದ್ದೇ ಜಾಸ್ತಿ ಆಯಿತು.

ಭಾವನವರಿಗೆ ಇಲ್ಲಿನ ಹೋಟೆಲ್ ಊಟದ ಮೇಲೆ ನಂಬಿಕೆ ಇಲ್ಲ. ತಮ್ಮ ಪಾಲಿಗೆ ಅಂತ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಸರನ್ನ ತುಂಬಿಸಿಕೊಂಡು ತೊಡೆ ಮೇಲೆ ಇಟ್ಟುಕೊಂಡೇ ಕೂತರು. ಬೆಳಗ್ಗೆ 8:10ಕ್ಕೆ ಚೀನೋ ಬಿಟ್ಟೆವು. ಪೂರ್ವಕ್ಕೆ ರೆಡ್‌ಲ್ಯಾಂಡ್ಸ್ ಕಡೆ ಹೋಗುತ್ತಾ ಹೋಗುತ್ತಾ ಮೇಲೇರಬೇಕು. ಎದುರಿಗೆ ಸ್ಯಾನ್ ಬರ್ನಾರ್ಡಿನೋ ಬೆಟ್ಟಸಾಲು ಗೋಡೆ ಥರ ನಿಂತಿರುತ್ತೆ. ಬಲಗಡೆ 11,503 ಅಡಿಯ ಸ್ಯಾನ್ ಗೊರ್ಗೋನಿಯೋ. ನಾವು 9,500 ಮುಟ್ಟುವ ಹೊತ್ತಿಗೆ ‘ಟಪ್’ ಅಂತ ಸದ್ದು. ಭಾವ ಎರಡೂ ಕೈಯಲ್ಲಿ ಬಾಗಿಲು ಹಿಡಿದರು. ‘ಏನಪ್ಪಾ, ಏನು ಕಿತ್ತುಕೊಂಡು ಹೋಯ್ತು?’

ನಾನು ಮೀಟರ್‌ಗಳನ್ನು ಒಂದೊಂದೇ ನೋಡಿದೆ. ಆಯಿಲ್ ಸರಿ ಇದೆ, ಆರ್‌ಪಿಎಂ ಸರಿ ಇದೆ. ಆಮೇಲೆ ಒಗ್ಗರಣೆ ವಾಸನೆ ಬಂತು. ಮೊಸರನ್ನದ ಮುಚ್ಚಳ ಹಾರಿತ್ತು. ಆ ಎತ್ತರದಲ್ಲಿ ಹೊರಗಿನ ಒತ್ತಡ ಸಮುದ್ರಮಟ್ಟದ ಶೇ. 70ರಷ್ಟೇ. ನಮ್ಮ ವಿಮಾನಕ್ಕೆ ದೊಡ್ಡ ವಿಮಾನಗಳ ಹಾಗೆ ಒಳಗೆ ಗಾಳಿ ಒತ್ತಿ ಹಿಡಿಯುವ ವ್ಯವಸ್ಥೆ ಇಲ್ಲ. ಡಬ್ಬಿಯೊಳಗಿದ್ದ ಚೀನೋ ಗಾಳಿ ಹೊರಗೆ ಬಂತು, ಅಷ್ಟೇ. ಚಾರ್ಟಿನ ಮೇಲೆ ಎರಡು ಸಾಸಿವೆ ಕಾಳು, ಒಂದು ಕರಿಬೇವಿನ ಎಲೆ.

ಬೆಟ್ಟ ದಾಟಿದ ಮೇಲೆ ಅಣೆಕಟ್ಟು ಕಾಣುತ್ತದೆ, ಅದರ ಹಿಂದೆ ಸುಮಾರು ಏಳು ಮೈಲಿ ಉದ್ದದ ಕೆರೆ, ಕೆರೆಯ ಆ ತುದಿಯಲ್ಲಿ ರನ್‌ವೇ. ಇಲ್ಲಿ ಟವರ್ ಇಲ್ಲ. ನಾನು ಎಲ್ಲಿದ್ದೀನಿ, ಏನು ಮಾಡ್ತೀನಿ ಅಂತ ರೇಡಿಯೋದಲ್ಲಿ ನಾವೇ ಹೇಳಿಕೊಳ್ಳಬೇಕು. ಅಣೆಕಟ್ಟಿನ ಮೇಲೆ ಒಂದು ಸಲ, ಕೆರೆಯೊಳಗೆ ಚಾಚಿಕೊಂಡಿರುವ ಸೂರ್ಯ ವೀಕ್ಷಣಾಲಯದ ಹತ್ತಿರ ಇನ್ನೊಂದು ಸಲ. 8:55ಕ್ಕೆ ಇಳಿದೆವು. ಹೋಟೆಲ್‌ನಲ್ಲಿ ಪ್ಯಾನ್‌ಕೇಕ್, ಆಲೂಗಡ್ಡೆ ತುರಿದು ಹುರಿದದ್ದು, ಕಾಫಿ. ಭಾವ ತಮ್ಮ ಮೊಸರನ್ನವನ್ನು ಮೇಜಿನ ಕೆಳಗೆ ಇಟ್ಟುಕೊಂಡು ತಿಂದರು. ಬಡಿಸುವ ಹೆಣ್ಣುಮಗಳು ನೋಡಿ ನಕ್ಕು, ಒಂದು ತಟ್ಟೆ ಚಮಚ ತಂದಿಟ್ಟಳು.

ಮುಕ್ಕಾಲು ಗಂಟೆ ಬಿಟ್ಟು ಕಾರು ಬಂತು. ಅಕ್ಕನ ಮುಖ ಹಸಿರು ತಿರುಗಿತ್ತು. ಆ ಬೆಟ್ಟದ ರಸ್ತೆ ಚಾರ್ಮಾಡಿ ಘಾಟಿಯ ಅಣ್ಣ. ಆಮೇಲೆ ಕೆರೆ, ದೋಣಿ, ಚಪಾತಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನು ಹತ್ತೂವರೆಗೆ ಹೊರಡೋಣ ಅಂದುಕೊಂಡಿದ್ದೆ. ಏರ್‌ಪೋರ್ಟ್‌ಗೆ ವಾಪಸ್ ಬಂದಾಗ ಒಂದು ಗಂಟೆ. 29 ಡಿಗ್ರಿ ಬಿಸಿಲು. ಹವಾಮಾನ ಹೇಳುವ ರೆಕಾರ್ಡಿಂಗ್ ದನಿ ‘ಡೆನ್ಸಿಟಿ ಆಲ್ಟಿಟ್ಯೂಡ್ 10,000’ ಅಂತು.

ಇಬ್ಬರೇ, ರನ್‌ವೇ 5,850 ಅಡಿ ಉದ್ದ, ಪುಸ್ತಕದ ಪ್ರಕಾರ ಏಳುತ್ತೆ. ಆದರೆ ಗಾಳಿಯೂ ಆಗಲೇ ಕುಲುಕಾಡಿಸಲು ಶುರು ಮಾಡಿತ್ತು. ಬೀಗದ ಕೈ ಜೇಬಿಗೆ ಹಾಕಿಕೊಂಡು ‘ಸಂಜೆ ಹೋಗೋಣ’ ಅಂದೆ. ಐದೂವರೆ ಗಂಟೆ ಕಾದೆವು. ಮತ್ತೊಮ್ಮೆ ತಿಂದೆವು. ಸಂಜೆ 6:30ಕ್ಕೆ 22 ಡಿಗ್ರಿ, ಗಾಳಿ ಸತ್ತಿತ್ತು. ಅಷ್ಟರಲ್ಲಿ ಅಕ್ಕ ‘ನಾನು ಆ ರಸ್ತೆಯಲ್ಲಿ ಮತ್ತೆ ಇಳಿಯಲ್ಲ, ವಿಮಾನ ಬಿದ್ದರೂ ಪರವಾಗಿಲ್ಲ’ ಅಂತ ಹಟ ಹಿಡಿದಳು. ಭಾವ ಒಂದು ಮಾತೂ ಆಡದೆ ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕೂತರು. ಅವರು ಕಾದಿದ್ದೇ ಅದಕ್ಕೆ ಅನ್ನಿಸುತ್ತೆ. ವಿಮಾನಕ್ಕೂ 29 ಕಿಲೋ ಕಮ್ಮಿ ಆಯಿತು.

ಪಶ್ಚಿಮಕ್ಕೆ ಟೇಕಾಫ್, ಕೆಳಗೆ ಕೆರೆ, ಎದುರಿಗೆ ಇಳಿಯುವ ಸೂರ್ಯ. ಅಕ್ಕ ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದು: ‘ಇಷ್ಟು ಹೊತ್ತು ನನ್ನನ್ನ ಕಾರಲ್ಲಿ ಕೂರಿಸಿದ್ಯಾ?’

ಬೇರೆ ಯಾರು ಹೀಗೆ ಬೆಟ್ಟಕ್ಕೆ ಹಾರಿ ಊಟ ಮಾಡಿದ್ದೀರಿ, ಹೇಳಿ.

---

ಸುಮ್ನೆ ಓದುಗ (ತುಮಕೂರು)

ಓದಿ ನಗು ಬಂತು. ಒಂದು ದಡ್ಡ ಪ್ರಶ್ನೆ. ಇಳಿಯಲು ಆಗುತ್ತೆ, ಏಳಲು ಯಾಕೆ ಆಗಲ್ಲ? ಬಿಸಿಲಿಗೂ ವಿಮಾನಕ್ಕೂ ಏನು ಸಂಬಂಧ? ಮತ್ತೆ ರನ್‌ವೇ ಇರೋದು 6,752 ಅಡಿಯಲ್ಲಿ, ಆ ದನಿ 10,000 ಅಂತ ಯಾಕೆ ಹೇಳ್ತು?

---

ಜಕ್ಕೂರು ಹಳಬ (ಯಲಹಂಕ)

ದಡ್ಡ ಪ್ರಶ್ನೆ ಅಲ್ಲ. ಇದು ತಲೆಗೆ ಹತ್ತದೆ ಬೆಟ್ಟದಲ್ಲಿ ವಿಮಾನ ಕಳೆದುಕೊಂಡವರು ಬಹಳ ಜನ.

ವಿಮಾನಕ್ಕೆ ಅಡಿ ಲೆಕ್ಕ ಗೊತ್ತಿಲ್ಲ ಸ್ವಾಮಿ. ಅದಕ್ಕೆ ಗೊತ್ತಿರೋದು ಗಾಳಿ ಎಷ್ಟು ಗಟ್ಟಿ ಇದೆ ಅನ್ನೋದು ಮಾತ್ರ. ಮೇಲೆ ಹೋದಷ್ಟೂ ಗಾಳಿ ತೆಳು. ಬಿಸಿ ಆದಷ್ಟೂ ಇನ್ನೂ ತೆಳು. ತೆಳು ಗಾಳಿಯಲ್ಲಿ ಮೂರು ಕಡೆ ಪೆಟ್ಟು. ಇಂಜಿನ್‌ಗೆ ಉಸಿರು ಸಾಲದು. ಪ್ರೊಪೆಲರ್‌ಗೆ ಹಿಡಿಯಲು ಗಾಳಿ ಸಿಗದು. ರೆಕ್ಕೆ ಎತ್ತಬೇಕು ಅಂದರೆ ನೆಲದ ಮೇಲೆ ಇನ್ನೂ ಜೋರಾಗಿ ಓಡಬೇಕು. ಇಳಿಯುವಾಗ ಇಂಜಿನ್ ಬಲ ಅಷ್ಟು ಬೇಕಿಲ್ಲ, ಸ್ವಲ್ಪ ಉದ್ದ ಓಡಿ ನಿಲ್ಲುತ್ತೆ. ಏಳುವಾಗ ಮೂರೂ ಸಾಲಗಾರರು ಒಟ್ಟಿಗೆ ಬಾಗಿಲಿಗೆ ಬರ್ತಾರೆ.

ಲೆಕ್ಕ ಇಷ್ಟೇ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಅಂತ ಇಟ್ಕೊಳ್ಳಿ. ಸಾವಿರ ಅಡಿಗೆ ಎರಡು ಡಿಗ್ರಿ ಇಳಿಸ್ತಾ ಹೋಗಿ. 6,752 ಅಡಿಯಲ್ಲಿ ಒಂದೂವರೆ ಡಿಗ್ರಿ ಇರಬೇಕಿತ್ತು. ಇದ್ದದ್ದು 29. ಜಾಸ್ತಿ ಇರುವ ಒಂದೊಂದು ಡಿಗ್ರಿಗೂ 120 ಅಡಿ ಸೇರಿಸಿ. 27.5 ಸಲ 120 ಅಂದರೆ 3,300. ಸೇರಿಸಿದರೆ 10,052, ಅದೇ ಆ ದನಿ ಹೇಳಿದ ‘ಡೆನ್ಸಿಟಿ ಆಲ್ಟಿಟ್ಯೂಡ್’. ಸಂಜೆ 22 ಡಿಗ್ರಿಗೆ ಅದೇ ಲೆಕ್ಕ ಹಾಕಿ, 9,200 ಬರುತ್ತೆ. ಅವರು ಐದೂವರೆ ಗಂಟೆ ಕಾದು ಎಂಟುನೂರು ಅಡಿ ಉಳಿಸಿದರು.

ಬೆಂಗಳೂರಿನವರು ಇದನ್ನು ಬೇಗ ಕಲೀತೀವಿ. ಜಕ್ಕೂರಿನ ಸಣ್ಣ ಏರ್‌ಪೋರ್ಟ್ ಇರುವುದೇ 3,000 ಅಡಿ ಹತ್ತಿರ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಅಂದರೆ ವಿಮಾನಕ್ಕೆ ಅದು 6,000 ದಾಟಿದ ಹಾಗೆ. ಜಕ್ಕೂರಲ್ಲೇ ನಿಂತಿರ್ತೀರಿ, ವಿಮಾನ ಮಾತ್ರ ನಂದಿಬೆಟ್ಟದ ತುದಿಗಿಂತ ಮೇಲೆ ಇರುತ್ತೆ. ನಾನು ಕಲಿತದ್ದು ಎಚ್‌ಎಎಲ್‌ನ ಪುಷ್ಪಕ್ ವಿಮಾನದಲ್ಲಿ. 90 ಕುದುರೆ, ಎರಡು ಸೀಟು, ಬಟ್ಟೆ ಹೊದಿಸಿದ ಮೈ. ದಪ್ಪಗಿದ್ದ ನಮ್ಮ ಇನ್‌ಸ್ಟ್ರಕ್ಟರ್ ಮಧ್ಯಾಹ್ನ ಹಾರಲು ಬರ್ತಾನೇ ಇರಲಿಲ್ಲ. ಊಟ ಆಯ್ತಲ್ಲ, ನಿದ್ದೆಗೆ ಹೋದರು ಅಂತ ನಾವು ಆಡಿಕೊಳ್ಳುತ್ತಿದ್ದೆವು. ಆಮೇಲೆ ಗೊತ್ತಾಯಿತು ಅದು ನಿದ್ದೆ ಅಲ್ಲ, ಲೆಕ್ಕ ಅಂತ.

---

ಅಡುಗೆಮನೆ ವಿಜ್ಞಾನ (ಮೈಸೂರು)

ಇದು ಅಡುಗೆಮನೆಯಲ್ಲೂ ಇದೆ. ಆ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತೆ. ಕುಕ್ಕರ್ ಇಲ್ಲದೆ ಬೇಳೆ ಬೇಯಲು ಬಹಳ ಹೊತ್ತು ಬೇಕು. ಟೀಗೂ ಬಣ್ಣ ಬರುತ್ತೆ, ರುಚಿ ಬರಲ್ಲ. ಬಿಗ್ ಬೇರ್‌ನಲ್ಲಿ ಕಾಫಿ ಹೇಗಿತ್ತು, ನಿಜ ಹೇಳಿ?

---

ದಾವಣಗೆರೆ ರೆಕ್ಕೆ

ಅದು ಕಾಫಿ ಅಂತ ಬೋರ್ಡಲ್ಲಿ ಬರೆದಿತ್ತು.

ಹಳಬರೇ, ಎಷ್ಟು ಚೆನ್ನಾಗಿ ಹೇಳಿದ್ರಿ. ನನ್ನ ವಿಮಾನದ ಅಂಕಿಗಳನ್ನು ಪಕ್ಕದಲ್ಲಿಡುತ್ತೇನೆ. ಪೂರ್ತಿ ಭಾರ ಹೇರಿದರೂ ಸಮುದ್ರಮಟ್ಟದಲ್ಲಿ ಇದು ನಿಮಿಷಕ್ಕೆ 770 ಅಡಿ ಏರುತ್ತೆ. 10,000 ಡೆನ್ಸಿಟಿ ಆಲ್ಟಿಟ್ಯೂಡ್‌ನಲ್ಲಿ ಸುಮಾರು 300. ಟರ್ಬೋ ಇಲ್ಲದ ಇಂಜಿನ್ ಸಾವಿರ ಅಡಿಗೆ ಹತ್ತಿರ ಹತ್ತಿರ ಶೇ. 3ರಷ್ಟು ಬಲ ಕಳೆದುಕೊಳ್ಳುತ್ತೆ. 160 ಕುದುರೆ ಕಟ್ಟಿಕೊಂಡು ಹೋಗಿರ್ತೀವಿ, ಅಲ್ಲಿ ಬಂಡಿ ಎಳೆಯೋದು 110. ಓಡಬೇಕಾದ ದೂರ ಚೀನೋದಲ್ಲಿ ಬೇಕಾಗುವುದರ ದುಪ್ಪಟ್ಟಿಗಿಂತ ಜಾಸ್ತಿ.

ನನ್ನ ಇನ್‌ಸ್ಟ್ರಕ್ಟರ್ ಕಲಿಸಿದ ಒಂದು ಗುರುತು ಇದೆ. ಅರ್ಧ ರನ್‌ವೇ ಮುಗಿಯುವ ಹೊತ್ತಿಗೆ ಏಳುವ ವೇಗದ ಶೇ. 70 ಬಂದಿರಬೇಕು. ಬಂದಿಲ್ಲ ಅಂದರೆ ಥ್ರಾಟಲ್ ಎಳೆದು ನಿಲ್ಲಿಸು, ಯೋಚನೆ ಮಾಡಬೇಡ. ನಮಗೆ ಏಳುವ ವೇಗ 55 ನಾಟ್ (ಗಂಟೆಗೆ ಸುಮಾರು 100 ಕಿಲೋಮೀಟರ್), ಅದರ ಶೇ. 70 ಅಂದರೆ 38. ಅರ್ಧ ರನ್‌ವೇ ಎಲ್ಲಿ ಅಂತ ಹೊರಡುವ ಮುಂಚೆ ನಡೆದು ನೋಡಿಕೊಂಡೆ. ಅಕ್ಕ ಪಕ್ಕದಲ್ಲಿ ಕೂತಿದ್ದಳಲ್ಲ, ‘38 ಬಂದಾಗ ಜೋರಾಗಿ ಹೇಳು’ ಅಂತ ಕೆಲಸ ಕೊಟ್ಟಿದ್ದೆ. ಗುರುತಿಗೆ ಇನ್ನೂ ಬಹಳ ಮುಂಚೆಯೇ ‘ಬಂತೂ!’ ಅಂತ ಕೂಗಿದಳು. ಕಿವಿ ಇನ್ನೂ ಗುಂಯ್ ಅಂತಿದೆ.

---

ಚೋಕ್ ಎಳೆದವ (ಡೆನ್ವರ್, ಕೊಲೊರಾಡೊ)

ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳುತ್ತೇನೆ. ಏರ್‌ಪೋರ್ಟ್ ಹೆಸರು ಬೇಡ, ತಪ್ಪು ನನ್ನದೇ.

ಸಮುದ್ರದ ಪಕ್ಕದ ಊರಲ್ಲಿ ಕಲಿತು ಬಂದವನು ನಾನು. ಅಲ್ಲಿ ಟೇಕಾಫ್ ಅಂದರೆ ಮಿಕ್ಸ್ಚರ್‌ನ (ಇಂಜಿನ್‌ಗೆ ಹೋಗುವ ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ) ಕೆಂಪು ಗುಬ್ಬಿ ಪೂರ್ತಿ ಒಳಗೆ. ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ತಕ್ಕಷ್ಟು. ಕೈಗೆ ಅದೇ ಅಭ್ಯಾಸ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಬೆಟ್ಟದ ಏರ್‌ಪೋರ್ಟ್‌ಗೆ ಹೋಗಿ, ಹೊಟ್ಟೆ ತುಂಬಾ ತಿಂದು, ಮಾತಾಡ್ತಾ ಮಾತಾಡ್ತಾ ಹತ್ತಿ ಕೂತೆ. ಗುಬ್ಬಿ ಪೂರ್ತಿ ಒಳಗೆ ಒತ್ತಿ ಹೊರಟೆ. ಚೋಕ್ ಎಳೆದಿಟ್ಟು ಮರೆತ ಹಳೇ ಚೇತಕ್ ಸ್ಕೂಟರ್ ಹೇಗೆ ಗೊರಗೊರ ಅನ್ನುತ್ತೆ, ಹಾಗೆ ಆಯಿತು ಇಂಜಿನ್. ಓಡ್ತಾ ಇದೆ, ವೇಗ ಬರ್ತಾ ಇಲ್ಲ. ರನ್‌ವೇ ಮಾತ್ರ ಕರಗ್ತಾ ಇದೆ. ಪುಣ್ಯಕ್ಕೆ ಉದ್ದ ಇತ್ತು, ನಿಲ್ಲಿಸಿದೆ.

ವಿಮಾನದ ಪುಸ್ತಕದಲ್ಲೇ ಬರೆದಿದೆ, 3,000 ಅಡಿ ಮೇಲೆ ಟೇಕಾಫ್ ಮುಂಚೆ ಮಿಕ್ಸ್ಚರ್ ಕಮ್ಮಿ ಮಾಡಿ ಪೂರ್ತಿ ಆರ್‌ಪಿಎಂ ಬರುವ ಹಾಗೆ ಹೊಂದಿಸಿ ಅಂತ. ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಊಟದ ಮುಂದೆ ಎಲ್ಲಾ ಮರೆತಿತ್ತು.

---

ಚಾ ಕಪ್ (ಹುಬ್ಬಳ್ಳಿ)

ಎಲ್ಲಾರೂ ಹೊಗಳಾಕತ್ತೀರಿ, ನಾನು ಬೈತೀನಿ. ಒಂದು ಪ್ಯಾನ್‌ಕೇಕ್ ತಿನ್ನಾಕ ವಿಮಾನ, ಅದರ ಹಿಂದ ಮತ್ತ ಕಾರು! ಇದಕ್ಕ ರೊಕ್ಕದ ಸೊಕ್ಕು ಅಂತಾರ್ರೀ ನಮ್ಮ ಕಡೆ. ಎಷ್ಟ್ ಬಿತ್ತು ಖರ್ಚು, ಎಷ್ಟ್ ಎಣ್ಣಿ ಸುಟ್ಟ್ರಿ, ಅದನ್ನೂ ಬರೀರಿ. ಮತ್ತ ಆ ವಿಮಾನದ ಪೆಟ್ರೋಲ್‌ನಾಗ ಇನ್ನೂ ಸೀಸ ಐತಿ ಅಂತ ಓದೀನಿ. ಹೌದೋ ಅಲ್ಲೋ?

---

ದಾವಣಗೆರೆ ರೆಕ್ಕೆ

ಬೈಸಿಕೊಳ್ಳಬೇಕಾದ್ದೇ. ಮುಚ್ಚಿಡದೆ ಹೇಳ್ತೀನಿ.

ಗಂಟೆಗೆ 175 ಡಾಲರ್, ಪೆಟ್ರೋಲ್ ಸೇರಿ. ಇಂಜಿನ್ ತಿರುಗುವಷ್ಟು ಹೊತ್ತು ಆಟೋ ಮೀಟರ್ ಥರ ಒಂದು ಮೀಟರ್ ಓಡುತ್ತೆ. ಹೋಗಿ ಬಂದದ್ದು 1.6 ಗಂಟೆ. 280 ಡಾಲರ್ ಆಯಿತು. ಹೋಟೆಲ್‌ನಲ್ಲಿ ಎರಡು ಹೊತ್ತು ತಿಂದದ್ದು ಬೇರೆ. ಸುಟ್ಟದ್ದು ಸುಮಾರು 50 ಲೀಟರ್. ಅದೇ ದಾರಿಗೆ ಕಾರು 20 ಲೀಟರ್ ಒಳಗೆ ಹೋಗಿ ಬಂತು. ಅದರಲ್ಲಿ ಐದು ಜನ ಕೂರಬಹುದಿತ್ತು ಅನ್ನೋದನ್ನ ನನ್ನ ಹೆಂಡತಿ ನಿಮಗಿಂತ ಮುಂಚೆ ಹೇಳಿದ್ದಾಳೆ.

ಸೀಸದ ಮಾತೂ ನಿಜ. ಲೀಟರ್‌ಗೆ ಅರ್ಧ ಗ್ರಾಂಗಿಂತ ಸ್ವಲ್ಪ ಜಾಸ್ತಿವರೆಗೂ ಇರಬಹುದು. ಭಾರತದಲ್ಲಿ ಕಾರಿನ ಪೆಟ್ರೋಲ್‌ನಿಂದ ಸೀಸ ಹೋಗಿದ್ದು 2000ದಲ್ಲಿ, ಸಣ್ಣ ವಿಮಾನಗಳಿಗೆ ಇನ್ನೂ ಹೋಗಿಲ್ಲ. ಸ್ಯಾನ್ ಹೋಸೆಯ ರೀಡ್ ಹಿಲ್‌ವ್ಯೂ ಏರ್‌ಪೋರ್ಟ್‌ನಲ್ಲಿ 2022ರ ಜನವರಿಯಿಂದಲೇ ಸೀಸದ ಪೆಟ್ರೋಲ್ ಮಾರುವುದು ನಿಲ್ಲಿಸಿದರು. ಸುತ್ತ ಮನೆಗಳಿವೆ, ಮಕ್ಕಳಿದ್ದಾರೆ. ಕ್ಯಾಲಿಫೋರ್ನಿಯಾ ಪೂರ್ತಿ 2031ರಿಂದ ಮಾರುವಂತಿಲ್ಲ ಅಂತ ಕಾನೂನು ಬಂದಿದೆ. ಬರಲಿ, ಒಳ್ಳೆಯದೇ. ಸೊಕ್ಕು ಅಂದಿರಿ, ಅದು ಸ್ವಲ್ಪ ಇದೆ. ಇಲ್ಲ ಅಂದರೆ ಸುಳ್ಳಾಗುತ್ತೆ.

---

ಚಾ ಕಪ್

ಒಪ್ಕೊಂಡ್ರಲ್ಲ, ಮುಗೀತು. ಇನ್ನು ಬೈಯೋದಿಲ್ಲ. ಎಣ್ಣೆಗಾಯಿ ಹೆಂಗಿತ್ತು?

---

ತೆಂಗಿನಮರ (ಸ್ಯಾನ್ ಡಿಯಾಗೋ)

ಬಿಗ್ ಬೇರ್ ನೋಡಿದವರು ಕ್ಯಾಟಲೀನಾ ಬಿಡಬಾರದು. ದ್ವೀಪ ಅಂದ ತಕ್ಷಣ ಮರಳಿನ ಪಕ್ಕ ಏರ್‌ಪೋರ್ಟ್ ಇರುತ್ತೆ ಅಂದ್ಕೋಬೇಡಿ. 1,602 ಅಡಿ ಎತ್ತರದಲ್ಲಿ, ಗುಡ್ಡದ ನೆತ್ತಿಯಲ್ಲಿದೆ. ‘ಆಕಾಶದಲ್ಲಿರುವ ಏರ್‌ಪೋರ್ಟ್’ ಅಂತಲೇ ಕರೀತಾರೆ. ಆಗ ಆ ದ್ವೀಪ ಚೂಯಿಂಗ್ ಗಮ್ ಮಾಡುವ ರಿಗ್ಲಿ ಮನೆತನದವರದ್ದಾಗಿತ್ತು. ಎರಡು ಗುಡ್ಡಗಳ ತಲೆ ತರಿದು, ನಡುವಿನ ಕಣಿವೆಗೆ ಆ ಮಣ್ಣು ತುಂಬಿ ರನ್‌ವೇ ಮಾಡಿಸಿದರು. 1946ರಲ್ಲಿ ಶುರುವಾಯಿತು.

ಬರೇ 3,000 ಅಡಿ ಉದ್ದ. ಆ ಕಡೆ ಈ ಕಡೆ ತಗ್ಗು. ನಮ್ಮ ಮಂಗಳೂರು ಬಜ್ಪೆ ನೋಡಿದವರಿಗೆ ‘ಟೇಬಲ್ ಟಾಪ್’ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಇನ್ನೊಂದು ತಮಾಷೆ. ರನ್‌ವೇ ನಡುವೆ ಉಬ್ಬು. ಇಳಿದು ಚಕ್ರ ತಾಗಿದ ಮೇಲೆ ಮುಂದಿನ ಅರ್ಧ ಕಾಣುವುದೇ ಇಲ್ಲ. ಎದುರಿಗೆ ಆಕಾಶ ಮಾತ್ರ. ರನ್‌ವೇ ಮುಗಿದೇ ಹೋಯಿತು ಅಂತ ಹೆದರಿ ಬ್ರೇಕ್ ತುಳಿದು ಟೈರ್ ಸವೆಸಿದವರಲ್ಲಿ ನಾನೂ ಒಬ್ಬ. ಸ್ವಲ್ಪ ತಾಳಿದ್ದರೆ ಉಬ್ಬಿನ ಆಚೆ ಇನ್ನೂ ಅಷ್ಟು ದಾರಿ ಇತ್ತು. ಡಾಂಬರು ಕಿತ್ತು ಕಿತ್ತು ಹೋಗ್ತಿತ್ತು. 2019ರಲ್ಲಿ ಅಮೆರಿಕದ ಮರೀನ್ ಮತ್ತು ನೌಕಾಪಡೆಯ ಎಂಜಿನಿಯರ್‌ಗಳು ಬಂದು ಪೂರ್ತಿ ಕಾಂಕ್ರೀಟ್ ಹಾಕಿಕೊಟ್ಟರು.

ಅಲ್ಲಿನ ಹೋಟೆಲ್‌ಗೆ ಕಾಡೆಮ್ಮೆ ಬರ್ಗರ್‌ನದ್ದೇ ಹೆಸರು. 1924ರಲ್ಲಿ ಸಿನಿಮಾ ಶೂಟಿಂಗ್‌ಗೆ ಅಂತ ಬೈಸನ್‌ಗಳನ್ನು ತಂದು ಹಾಗೇ ಬಿಟ್ಟು ಹೋದರಂತೆ. ಅವುಗಳ ಸಂತತಿ ಈಗಲೂ ಗುಡ್ಡದಲ್ಲಿ ಮೇಯ್ತಾ ಇರುತ್ತೆ. ನಾನು ಸಸ್ಯಾಹಾರಿ. ನನಗೆ ಅಂಗೈ ಅಗಲದ ಕುಕೀ, ನಿಂಬೆ ಶರಬತ್ತು. ಅದಕ್ಕೆ ಸಮುದ್ರ ದಾಟಿ ಹೋಗ್ತೀನಿ ಅಂದರೆ ಹುಬ್ಬಳ್ಳಿಯವರು ನನ್ನನ್ನೂ ಬೈಬಹುದು.

ಸಮುದ್ರ ದಾಟುವಾಗ ಎತ್ತರ ಇಟ್ಟುಕೊಳ್ಳಿ. ಇಂಜಿನ್ ನಿಂತರೆ 172 ಸಾವಿರ ಅಡಿಗೆ ಒಂದೂವರೆ ನಾಟಿಕಲ್ ಮೈಲಿ ತೇಲುತ್ತೆ. ನಡುದಾರಿಯಲ್ಲಿ 7,500 ಅಡಿ ಇದ್ದರೆ ಯಾವುದಾದರೂ ಒಂದು ದಡ ಸಿಗುತ್ತೆ. ಲೈಫ್ ಜಾಕೆಟ್ ಡಿಕ್ಕಿಯಲ್ಲಿ ಇಡಬೇಡಿ, ಮೈಮೇಲೆ ಹಾಕಿಕೊಳ್ಳಿ.

---

ರಾಗಿಮುದ್ದೆ ಅಮ್ಮ (ಮಂಡ್ಯ)

ನನ್ನ ಮಗನೂ ಅಲ್ಲೇ ಅರಿಜೋನಾದಲ್ಲಿ ಕಲೀತಾ ಇದಾನೆ. ಇದೆಲ್ಲಾ ಓದಿ ಎದೆ ಹೊಡ್ಕೊಳ್ತಿದೆ ಕಣಪ್ಪಾ. ಒಂದೇ ಇಂಜಿನ್ನು, ಬೆಟ್ಟ, ಗಾಳಿ. ಹೋಗ್ಬೇಡ ಅಂದ್ರೆ ಕೇಳಲ್ಲ. ಏನು ಹೇಳಿ ಕಳಿಸ್ಲಿ ಅವನಿಗೆ?

---

ಜಕ್ಕೂರು ಹಳಬ

ಅಮ್ಮಾ, ಹೋಗಬೇಡ ಅನ್ನಬೇಡಿ, ಮುಚ್ಚಿಟ್ಟು ಹೋಗ್ತಾನೆ. ‘ಬೆಳಗ್ಗೆ ಹೋಗು, ಹತ್ತಕ್ಕೆ ವಾಪಸ್ ಹೊರಡು’ ಅನ್ನಿ. ಬೆಟ್ಟದ ನೆತ್ತಿಯಲ್ಲಿ ಗಾಳಿ 25 ನಾಟ್ ಇದೆ ಅಂದ ದಿನ ಮನೆಯಲ್ಲೇ ಇರಲಿ. ಗಾಳಿ ಬೆಟ್ಟ ಹತ್ತಿ ಆ ಕಡೆ ಇಳಿಯುವಾಗ ಜಲಪಾತದ ಬುಡದ ನೀರಿನ ಹಾಗೆ ಸುತ್ತಿಕೊಳ್ಳುತ್ತೆ. ಅದರೊಳಗೆ ಸಣ್ಣ ವಿಮಾನ ಸಿಕ್ಕಬಾರದು. ಬೆಟ್ಟಸಾಲು ದಾಟುವಾಗ ನೇರ ನುಗ್ಗದೆ ಓರೆಯಾಗಿ ಹೋಗಲಿ. ಕೆಳಕ್ಕೆ ತಳ್ಳಿದರೆ ಅರ್ಧ ತಿರುವಿನಲ್ಲೇ ಹಿಂದಕ್ಕೆ ಬರಬಹುದು. ಇದನ್ನೆಲ್ಲಾ ಅವನಿಗೆ ಕಲಿಸಿರ್ತಾರೆ. ನೀವು ಫೋನಲ್ಲಿ ಕೇಳಿ, ಅವನೇ ನಿಮಗೆ ಪಾಠ ಹೇಳಲಿ. ಹೇಳಲು ಬಂದರೆ ಗೊತ್ತಿದೆ ಅಂತ ಅರ್ಥ.

---

ರಾಗಿಮುದ್ದೆ ಅಮ್ಮ

ಇವತ್ತೇ ಕೇಳ್ತೀನಿ. ಡಬ್ಬಿ ಮುಚ್ಚಳದ ವಿಷ್ಯನೂ ಕೇಳ್ತೀನಿ.

---

ಕಾಫಿ ತೋಟ (ಸೋಮವಾರಪೇಟೆ)

ನಮ್ಮಲ್ಲಿ ಯಾಕೆ ಹೀಗೆ ಇಲ್ಲ? ಬೆಂಗಳೂರಿಂದ ಒಂದು ಸಣ್ಣ ವಿಮಾನದಲ್ಲಿ ಬಂದು ಕೊಡಗಲ್ಲಿ ಕಡುಬು ತಿಂದು ಹೋಗುವ ಹಾಗಿದ್ದರೆ!

---

ಜಕ್ಕೂರು ಹಳಬ

ಮೊದಲನೆಯದು, ಕೊಡಗಲ್ಲಿ ಇಳಿಯಲು ಏರ್‌ಪೋರ್ಟ್ ಎಲ್ಲಿದೆ? ಶಿವಮೊಗ್ಗಕ್ಕೆ 2023ರಲ್ಲಿ ಬಂತು, ಅದು ಬಯಲಲ್ಲಿದೆ. ಎರಡನೆಯದು, ಇಲ್ಲಿ ಮನಸ್ಸು ಬಂದ ತಕ್ಷಣ ಹೊರಡುವ ಹಾಗಿಲ್ಲ. ಒಂದು ಊರಿಂದ ಇನ್ನೊಂದು ಊರಿಗೆ ಅಂದರೆ ಫ್ಲೈಟ್ ಪ್ಲಾನ್ ಕೊಡಬೇಕು. ವಿಮಾನ ಮಾಹಿತಿ ಕೇಂದ್ರದಿಂದ ಎಫ್‌ಐಸಿ ನಂಬರ್ ತಗೋಬೇಕು, ವಾಯು ರಕ್ಷಣೆಯವರಿಂದ ಎಡಿಸಿ (ಅನುಮತಿ) ನಂಬರ್ ತಗೋಬೇಕು. ಹೊರಡೋದು ತಡ ಆಯಿತು ಅಂದರೆ ಮತ್ತೆ ಅವರನ್ನು ಕೇಳಬೇಕು. ರೆಕ್ಕೆಯವರ ಹಾಗೆ ‘ಅಕ್ಕ ದೋಣಿ ಹತ್ತಿದಳು, ಸಂಜೆ ಹೋಗೋಣ’ ಅಂದರೆ ಇಲ್ಲಿ ಫೋನ್ ಮೇಲೆ ಫೋನ್.

ನಾವು ಒಂದು ಸಲ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್‌ಗೆ ಹೋಗಿದ್ದೆವು, ತರಬೇತಿಯ ಲೆಕ್ಕದಲ್ಲಿ. ಮೈಸೂರಿನ ಒಳಗೆ ಹೋಗಿ ಮಸಾಲೆ ದೋಸೆ ತಿನ್ನುವ ಆಸೆ. ಗೇಟಿನ ಹತ್ತಿರ ಆಟೋ ಸಿಗಲಿಲ್ಲ. ಬಿಸಿಲಲ್ಲಿ ರೆಕ್ಕೆ ಕೆಳಗೆ ಕೂತು, ವಾಚ್‌ಮನ್ ಕೊಟ್ಟ ಎರಡು ಬಾಳೆಹಣ್ಣು ತಿಂದು ವಾಪಸ್ ಬಂದೆವು. ಅದೇ ನನ್ನ ನೂರು ಡಾಲರ್ ಬರ್ಗರ್.

---

ತೂಕದ ಚೀಟಿ (ರಿವರ್‌ಸೈಡ್)

ರೆಕ್ಕೆಯವರೇ, ಯುಗಾದಿ ದಿನ ನಿಮ್ಮ ಪಕ್ಕದಲ್ಲೇ ಕೂತು ಹೋಳಿಗೆ ತಿಂದವನು ನಾನು. ನೆನಪಿದೆಯಾ? ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗಿ. ಖರ್ಚು ನಾನೇ ಪೂರ್ತಿ ಕೊಡ್ತೀನಿ.

---

ದಾವಣಗೆರೆ ರೆಕ್ಕೆ

ನೆನಪಿದೆ ಸಾರ್, ಆರು ಹೋಳಿಗೆ. ನಾನು ಎಣಿಸಿದ್ದೆ.

ಪೂರ್ತಿ ಕೊಡುವ ಹಾಗಿಲ್ಲ. ನನ್ನದು ಖಾಸಗಿ ಲೈಸೆನ್ಸ್. ಬಾಡಿಗೆ, ಪೆಟ್ರೋಲ್, ಏರ್‌ಪೋರ್ಟ್ ಶುಲ್ಕ ಇಷ್ಟನ್ನು ಹಂಚಿಕೊಳ್ಳಬಹುದು, ಆದರೆ ನನ್ನ ಪಾಲು ನಾನು ಹಾಕಲೇಬೇಕು. ಇಬ್ಬರು ಅಂದರೆ ಅರ್ಧರ್ಧ. ಗುರುತು ಪರಿಚಯ ಇಲ್ಲದವರನ್ನು ಹೀಗೆ ದುಡ್ಡು ಹಂಚಿಕೊಂಡು ಬನ್ನಿ ಅಂತ ಇಲ್ಲಿ ಕೂಗಿ ಕರೆಯುವ ಹಾಗೂ ಇಲ್ಲ. ಹೋಳಿಗೆ ಪರಿಚಯ ನಡೆಯುತ್ತೆ ಅಂದುಕೊಂಡಿದ್ದೀನಿ.

ಸೆಪ್ಟೆಂಬರ್ ಕೊನೆಗೆ ಇಡೋಣ, ಅಷ್ಟರಲ್ಲಿ ಮೇಲೆ ತಣ್ಣಗಾಗಿರುತ್ತೆ. ಬೆಳಗ್ಗೆ ಏಳಕ್ಕೆ ಚೀನೋದಲ್ಲಿರಬೇಕು. ಹೋಟೆಲ್‌ನವರು ಅವತ್ತು ತೆಗೆದಿರ್ತಾರಾ ಅಂತ ನಾನು ಫೋನ್ ಮಾಡಿ ಕೇಳ್ತೀನಿ. ಅಲ್ಲಿ ಮಾಲೀಕರು ಬದಲಾಗ್ತಾ ಇರ್ತಾರೆ. ನಿಮ್ಮ ತೂಕ ಹೇಳಿ. ಬಟ್ಟೆ, ಶೂ ಸಮೇತ. ನಿಜವಾದದ್ದು.

---

ತೂಕದ ಚೀಟಿ

84. ಮನೆಯವಳು ಬಿಸಿಬೇಳೆಬಾತ್ ಕಟ್ಟಿ ಕೊಡ್ತಾಳಂತೆ, ಎರಡು ಕಿಲೋ. ಜೊತೆಗೆ ಮೊಸರು.

---

ದಾವಣಗೆರೆ ರೆಕ್ಕೆ

86 ಅಂತ ಬರೆದುಕೊಂಡೆ. ಮೊಸರಿನ ಮುಚ್ಚಳ ರೆಡ್‌ಲ್ಯಾಂಡ್ಸ್ ದಾಟುವ ಮುಂಚೆ ಒಂದು ಮೂಲೆಯಲ್ಲಿ ಸ್ವಲ್ಪ ಎತ್ತಿಡಿ.